ಹಳೇ ಕ್ಲೆಜ್ಮರ್ ಟ್ಯೂನ್‌ಗಳಿಗೆ ನನ್ನ ಸಾಹಿತ್ಯ ಹಾಕಿ ಆಲ್ಬಂ ಮಾಡುವುದು ಮೊದಲಾ, ಕೆಲಸ ಬಿಡುವುದು ಮೊದಲಾ?

ಸ್ಟುಡಿಯೋ ಬುಕ್ ಮಾಡಿದ್ದೀರಾ? ಹಾಗಿದ್ದರೆ ಇವತ್ತೇ ಫೋನ್ ಮಾಡಿ ಮುಂದಕ್ಕೆ ಹಾಕಿ. ಉಳಿದದ್ದು ಆಮೇಲೆ ಓದಿ.

ಬೆರ್ಲಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಕೈಯಲ್ಲಿ ಅಕಾರ್ಡಿಯನ್, "ಯಾರದ್ದೂ ಅಲ್ಲದ" ಒಂಬತ್ತು ಕ್ಲೆಜ್ಮರ್ (ಪೂರ್ವ ಯುರೋಪಿನ ಯಹೂದಿಗಳ ಮದುವೆ ವಾಲಗ) ಟ್ಯೂನ್‌ಗಳಿಗೆ ನೀವೇ ಬರೆದ ಹಾಡುಗಳು. ಇಷ್ಟು ಹೇಳಿ ಮೊದಲು ಯಾವುದು ಎಂದು ಕೇಳಿದ್ದೀರಿ. ಆ "ಯಾರದ್ದೂ ಅಲ್ಲದ" ಎನ್ನುವ ಮಾತು ಓದಿದ ಮೇಲೆ ನನಗೆ ಸುಮ್ನೆ ಇರಲು ಆಗಲಿಲ್ಲ. 2015ರಲ್ಲಿ ಇದೇ ಊರಿನಲ್ಲಿ ನಾನೂ ಅದೇ ಮಾತು ಹೇಳುತ್ತಿದ್ದೆ.

ನನ್ನೂರು ಶಿವಮೊಗ್ಗ. ಅಜ್ಜ ರಾಮಮಂದಿರದ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ತಿದಿ ಒತ್ತುತ್ತಿದ್ದೆ. 2011ರಲ್ಲಿ ಕೆಲಸಕ್ಕೆಂದು ಇಲ್ಲಿಗೆ ಬಂದಾಗ ಹಾರ್ಮೋನಿಯಂ ತರಲು ಆಗಲಿಲ್ಲ, ಅದಕ್ಕೆ ಹಳೇದೊಂದು 72 ಬೇಸ್ ಅಕಾರ್ಡಿಯನ್ ಕೊಂಡೆ. ಒಂದು ಚಳಿಗಾಲದ ಸಂಜೆ ಬೆರ್ಲಿನ್‌ನ ನಾಯ್‌ಕ್ಯೋಲ್ನ್ ಬಡಾವಣೆಯ ಒಂದು ಬಾರ್‌ನಲ್ಲಿ ನಾಲ್ಕು ಜನ ಸುತ್ತ ಕೂತು ನುಡಿಸುತ್ತಿದ್ದರು. ಕ್ಲಾರಿನೆಟ್ ಕೇಳಿದ ಕೂಡಲೇ ನನ್ನ ಕಿವಿ ಹೇಳಿತು, ಇದು ವಕುಳಾಭರಣ ರಾಗ ಅಂತ. ಅವರು ಅದನ್ನು ಫ್ರೈಗಿಷ್ ಅಂದರು. ಮುಂದಿನ ಟ್ಯೂನ್‌ಗೆ ಮಿಶೆಬೇರಖ್ ಅಂದರು, ಅದರ ಸ್ವರಗಳು ಹೇಮವತಿ ರಾಗದವು. ಸ್ವರ ಅಷ್ಟೇ ಒಂದು, ನಡೆ ಬೇರೆ. ಸ್ವರದ ತುದಿಯಲ್ಲಿ ಬಿಕ್ಕಿದ ಹಾಗೆ ಒಂದು ತುಂಡು ಬರುತ್ತದಲ್ಲ, ಕ್ರೆಖ್ಟ್ಸ್, ಅದು ಪಿಟೀಲಿನವರಿಗೆ, ಕ್ಲಾರಿನೆಟ್‌ನವರಿಗೆ ಸಲೀಸು. ಅಕಾರ್ಡಿಯನ್‌ನವರಾದ ನಮಗೆ ಮೇಲಿನ ಕೀ ಒಂದನ್ನು ಸೋಕಿ ಬಿಟ್ಟು ಅದೇ ಕ್ಷಣಕ್ಕೆ ತಿದಿಯ ಗಾಳಿ ಕತ್ತರಿಸಬೇಕು. ಹಾರ್ಮೋನಿಯಂನಲ್ಲಿ ಗಮಕ ಬರಲ್ಲ ಅಂತಾರಲ್ಲ, ಅದೇ ಕಷ್ಟ ಇಲ್ಲೂ. ನನಗೆ ಒಂದೂವರೆ ವರ್ಷ ಹಿಡಿಯಿತು. ವೈಮಾರ್‌ನಲ್ಲಿ ಬೇಸಿಗೆಗೆ ಯಿಡ್ಡಿಷ್ (ಪೂರ್ವ ಯುರೋಪಿನ ಯಹೂದಿಗಳ ಭಾಷೆ) ಸಂಗೀತದ ಶಿಬಿರ ನಡೆಯುತ್ತದೆ, ಅಲ್ಲಿಗೆ ಎರಡು ಸಲ ಹೋದೆ. ನೀವು ಹೋಗಿಲ್ಲದಿದ್ದರೆ ಖಂಡಿತ ಹೋಗಿ.

ಗೊತ್ತಿಲ್ಲದವರಿಗೆ ಒಂದು ಮಾತು. ಕ್ಲೆಜ್ಮರ್ ಎಂಬ ಪದಕ್ಕೆ ಮೊದಲು ವಾದ್ಯ ಎಂಬ ಅರ್ಥವಿತ್ತು, ಆಮೇಲೆ ನುಡಿಸುವವನನ್ನೂ ಹಾಗೆ ಕರೆದರು. ಒಂದು ಬಗೆಯ ಸಂಗೀತದ ಹೆಸರಾಗಿದ್ದು ತೀರಾ ಈಚೆಗೆ, 1970ರ ನಂತರ ಅಮೆರಿಕದ ಹುಡುಗರು ಹಳೇ ಗ್ರಾಮಫೋನ್ ತಟ್ಟೆಗಳಿಂದ ಇದನ್ನು ಮತ್ತೆ ಕಲಿಯಲು ಶುರು ಮಾಡಿದಾಗ.

ನನ್ನ ತಲೆ ಕೆಡಿಸಿದ್ದು ಇಬ್ಬರು. ಒಬ್ಬರು ವ್ಯಾಂಕೂವರ್‌ನ ಜೆಫ್ ಬರ್ನರ್. ಅಕಾರ್ಡಿಯನ್ ಹೆಗಲಿಗೆ ಹಾಕಿಕೊಂಡು ತಾವೇ ಬರೆದ ಹಾಡು ಹಾಡುತ್ತಾರೆ. ಕ್ಲೆಜ್ಮರ್ ಕಲಿಯಲು ರೊಮೇನಿಯಾದವರೆಗೆ ಹೋದವರು. ಇನ್ನೊಬ್ಬರು ಡ್ಯಾನಿಯಲ್ ಕಾನ್. ಡೆಟ್ರಾಯಿಟ್ ಕಡೆಯವರು, 2005ರಲ್ಲಿ ಬೆರ್ಲಿನ್‌ಗೆ ಬಂದು 'ಪೇಂಟೆಡ್ ಬರ್ಡ್' ಎಂಬ ತಂಡ ಕಟ್ಟಿದರು. ಯಿಡ್ಡಿಷ್, ಇಂಗ್ಲಿಷ್, ಜರ್ಮನ್ ಮೂರನ್ನೂ ಒಂದೇ ಹಾಡಿನಲ್ಲಿ ಬೆರೆಸುತ್ತಾರೆ. ಇವರನ್ನು ನೋಡಿ ನಾನು 2015ರ ಕೊನೆಗೆ ಕೆಲಸ ಬಿಟ್ಟೆ. ಕೈಯಲ್ಲಿ 14,000 ಯೂರೋ ಇತ್ತು. ಅಮ್ಮ ಫೋನಿನಲ್ಲಿ ಅತ್ತಳು. ನಾನು ಎರಡು ವರ್ಷ ಸಮಯ ಕೇಳಿದೆ.

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನೀವು ಅದೇ ಬಾಗಿಲ ಮುಂದೆ ನಿಂತಿದ್ದೀರಿ.

ಮೌವರ್‌ಪಾರ್ಕ್‌ನ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಸ್ವರಲಿಪಿ ಪುಸ್ತಕ ಸಿಕ್ಕಿತು, 3 ಯೂರೋಗೆ. ಅದರಲ್ಲಿನ ಒಂದು ಟ್ಯೂನ್ ನನ್ನನ್ನು ಹಿಡಿದುಕೊಂಡಿತು. ಮೇಲೆ ಜರ್ಮನ್‌ನಲ್ಲಿ "ಜಾನಪದ ಧಾಟಿ" ಎಂದು ಅಚ್ಚಾಗಿತ್ತು. ನಾನು ನಂಬಿದೆ. ಅದಕ್ಕೆ ಇಂಗ್ಲಿಷ್‌ನಲ್ಲಿ ಹೊಸ ಸಾಹಿತ್ಯ ಬರೆದೆ, ಊರು ಬಿಟ್ಟವನೊಬ್ಬ ಅಜ್ಜನ ಶ್ರಾದ್ಧಕ್ಕೆ ಹೋಗಲಾಗದೆ ಇಲ್ಲಿ ಕೂತಿರುವ ಹಾಡು. ನಾನು ಬರೆದದ್ದರಲ್ಲಿ ಅದೇ ಒಳ್ಳೆಯದು ಎಂದು ಎಲ್ಲರೂ ಹೇಳಿದರು, ಅದಕ್ಕೇ ಆಲ್ಬಂಗೂ ಅದರದ್ದೇ ಹೆಸರಿಟ್ಟೆ. ನಾಲ್ಕು ದಿನ ಸ್ಟುಡಿಯೋ, ಮೂವರು ವಾದಕರು, ಮಿಕ್ಸಿಂಗ್, 500 ಸಿ.ಡಿ. ಒಟ್ಟು 6,800 ಯೂರೋ ಹೋಯಿತು.

ಇಲ್ಲಿ ಸಿ.ಡಿ. ಅಚ್ಚು ಹಾಕಿಸುವ ಮೊದಲು ಗೇಮಾಗೆ ಹಾಡುಗಳ ಪಟ್ಟಿ ಕೊಡಬೇಕು. ಗೇಮಾ ಅಂದರೆ ಹಾಡು ಬರೆದವರ ಪರವಾಗಿ ಹಣ ವಸೂಲಿ ಮಾಡಿ ಅವರಿಗೆ ತಲುಪಿಸುವ ಸಂಸ್ಥೆ. ಪ್ರತಿ ಹಾಡಿನ ಮುಂದೆ ಸಂಗೀತ ಯಾರದ್ದು, ಸಾಹಿತ್ಯ ಯಾರದ್ದು ಎಂದು ಬರೆಯುವ ಜಾಗ ಇರುತ್ತದೆ. ನಾನು ಸಂಗೀತದ ಜಾಗದಲ್ಲಿ "ಸಾಂಪ್ರದಾಯಿಕ" ಎಂದು ಬರೆದೆ. ಆ ಒಂದು ಪದವೇ ನನ್ನ ತಪ್ಪು.

ತಿಳಿಯದೆ ಆಯಿತು ಎಂದು ನಾನು ಬಹಳ ದಿನ ಹೇಳಿಕೊಂಡೆ, ಆದರೆ ಅದು ಪೂರ್ತಿ ನಿಜ ಅಲ್ಲ. ಮೂರು ಸಲ ನನಗೆ ಸೂಚನೆ ಸಿಕ್ಕಿತ್ತು. ಮೊದಲನೆಯದು ಆ ಪುಸ್ತಕವೇ. ಅದರಲ್ಲಿ ಎಲ್ಲ ಹಾಡುಗಳ ಮೇಲೂ "ಜಾನಪದ" ಎಂದೇ ಇತ್ತು, ಒಂದಕ್ಕೂ ಹೆಸರಿಲ್ಲ. ಇಡೀ ಪುಸ್ತಕದಲ್ಲಿ ಒಬ್ಬರ ಹೆಸರೂ ಇಲ್ಲದಿದ್ದರೆ ಹುಡುಕುವ ಕೆಲಸವನ್ನು ಯಾರೂ ಮಾಡಿಲ್ಲ ಅಂತ ಅರ್ಥ, ಹಾಡುಗಳಿಗೆ ಯಾರೂ ಇಲ್ಲ ಅಂತಲ್ಲ. ಎರಡನೆಯದು, ರೆಕಾರ್ಡಿಂಗ್ ದಿನ ಕ್ಲಾರಿನೆಟ್ ನುಡಿಸಿದವರು "ಇದನ್ನು ಯಾವುದೋ ಹಳೇ ನಾಟಕದ ರೆಕಾರ್ಡಿನಲ್ಲಿ ಕೇಳಿದ್ದೇನೆ" ಎಂದರು. ಸ್ಟುಡಿಯೋ ಗಂಟೆ ಲೆಕ್ಕದಲ್ಲಿ ಓಡುತ್ತಿತ್ತು, ನಾನು ಹೂಂ ಅಂದು ಮುಂದಿನ ಟೇಕ್‌ಗೆ ಹೋದೆ. ಮೂರನೆಯದು ಆ ಅರ್ಜಿ. ಪೆನ್ನು ಹಿಡಿದು ಎರಡು ನಿಮಿಷ ಸುಮ್ಮನೆ ಕೂತಿದ್ದೆ, ಚೆನ್ನಾಗಿ ನೆನಪಿದೆ. ಗೇಮಾದ ಜಾಲತಾಣದಲ್ಲಿ ಹಾಡುಗಳನ್ನು ಪುಕ್ಕಟೆ ಹುಡುಕಬಹುದು. ಹತ್ತು ನಿಮಿಷದ ಕೆಲಸ. ಹುಡುಕಿದರೆ ಏನಾದರೂ ಸಿಕ್ಕೀತು ಎಂಬ ಭಯಕ್ಕೇ ನಾನು ಹುಡುಕಲಿಲ್ಲ.

ಬಿಡುಗಡೆ ದಿನ ಸುಮಾರು ಅರವತ್ತು ಜನ ಬಂದಿದ್ದರು. ಮುಗಿದ ಮೇಲೆ ಒಬ್ಬ ಅಜ್ಜಿ ಬಂದು ನನ್ನ ಕೈ ಹಿಡಿದರು. ತುಂಬಾ ಚೆನ್ನಾಗಿ ನುಡಿಸಿದೆ ಅಂದರು. ಆಮೇಲೆ, "ಇದು ನಮ್ಮಮ್ಮ ಥಿಯೇಟರ್‌ನಲ್ಲಿ ಕೇಳಿದ ಹಾಡು. ಬರೆದವರ ಹೆಸರು ನೀನು ಹೇಳಲೇ ಇಲ್ಲವಲ್ಲ?" ಎಂದರು. ಹೆಸರನ್ನೂ ಅವರೇ ಹೇಳಿದರು. ನ್ಯೂಯಾರ್ಕಿನ ಯಿಡ್ಡಿಷ್ ರಂಗಭೂಮಿಗೆ ಬರೆಯುತ್ತಿದ್ದವರು, 1960ರ ದಶಕದಲ್ಲಿ ತೀರಿಕೊಂಡವರು. ಇಲ್ಲಿನ ಕಾನೂನಿನಲ್ಲಿ ಬರೆದವರು ಸತ್ತು 70 ವರ್ಷ ಆಗುವವರೆಗೆ ಹಾಡು ಅವರ ಕುಟುಂಬದ್ದು.

ನಾನೇ ಆ ಹಾಡಿನ ಹಕ್ಕಿದ್ದ ಪ್ರಕಾಶಕರಿಗೆ ಬರೆದೆ. ಐದು ವಾರ ಬಿಟ್ಟು ಉತ್ತರ ಬಂತು, ಮರ್ಯಾದೆಯಿಂದಲೇ ಬರೆದಿದ್ದರು. ಇದ್ದದ್ದನ್ನು ಇದ್ದ ಹಾಗೆ ಹಾಡಿ ಗೇಮಾಗೆ ಹಣ ಕಟ್ಟುವುದಾದರೆ ಅಡ್ಡಿಯಿಲ್ಲ. ಆದರೆ ಹೊಸ ಸಾಹಿತ್ಯಕ್ಕೆ ಬೇರೆಯೇ ಒಪ್ಪಿಗೆ ಬೇಕು, ಮನೆಯವರು ಅದನ್ನು ಕೊಡುವುದಿಲ್ಲ. ಈ ವ್ಯತ್ಯಾಸ ದಯವಿಟ್ಟು ಗಮನಿಸಿ. ಬೇರೆಯವರ ಹಾಡನ್ನು ಹಾಡುವುದು ಒಂದು, ಅದರ ಮಾತು ತೆಗೆದು ನಮ್ಮ ಮಾತು ತುಂಬುವುದು ಇನ್ನೊಂದು. ನೀವು ಮಾಡಹೊರಟಿರುವುದು ಎರಡನೆಯದು, ಒಂಬತ್ತು ಸಲ.

41 ಸಿ.ಡಿ. ಮಾರಾಟವಾಗಿತ್ತು. ಉಳಿದವು ಇವತ್ತಿಗೂ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿವೆ. ಮುಂದಿನ ಬೇಸಿಗೆಗೆ ಸಿಕ್ಕಿದ್ದ ಒಂದು ಸಂಗೀತ ಹಬ್ಬದ ಕಾರ್ಯಕ್ರಮವನ್ನು ನಾನೇ ಬಿಟ್ಟುಕೊಟ್ಟೆ, ಅವರು ಕರೆದದ್ದೇ ಆ ಹಾಡಿಗಾಗಿ. ಕೈಯಲ್ಲಿದ್ದ ಹಣ ಏಳೇ ತಿಂಗಳಿಗೆ ಮುಗಿಯಿತು.

ಹಣಕ್ಕಿಂತ ಜಾಸ್ತಿ ನೋಯಿಸಿದ್ದು ಬೇರೆ. ಭಜನೆಯಲ್ಲಿ ಯಾರಾದರೂ ಕೊನೆಯ ಚರಣ ಹಾರಿಸಿ ಮಂಗಳಕ್ಕೆ ಹೋದರೆ ಅಜ್ಜ ಹಾರ್ಮೋನಿಯಂ ನಿಲ್ಲಿಸಿಬಿಡುತ್ತಿದ್ದರು. "ಅಂಕಿತ ಬಿಟ್ಟು ಹಾಡು ಮುಗಿಸಬೇಡ್ರೋ" ಅನ್ನುತ್ತಿದ್ದರು. ಪುರಂದರವಿಠಲ ಎಂದು ಹೇಳಿದ ಮೇಲೇ ಪುರಂದರದಾಸರ ಹಾಡು ಮುಗಿಯುವುದು, ಕಾಗಿನೆಲೆಯಾದಿಕೇಶವ ಎಂದ ಮೇಲೇ ಕನಕದಾಸರದ್ದು. ಅಂಥ ಮನೆಯಿಂದ ಬಂದವನು ನಾನು. ಈ ಯಿಡ್ಡಿಷ್ ಹಾಡುಗಳ ಕೊನೆಯಲ್ಲಿ ಅಂಕಿತ ಇಲ್ಲ, ಅಷ್ಟಕ್ಕೇ ಇವಕ್ಕೆ ಯಾರೂ ಇಲ್ಲ ಅಂದುಕೊಂಡೆ. ಕ್ರಾಕೋವ್‌ನ ಮೊರ್ಡೆಖಾಯ್ ಗೆಬಿರ್ಟಿಗ್ ಹೊಟ್ಟೆಪಾಡಿಗೆ ಬಡಗಿ ಕೆಲಸ ಮಾಡಿಕೊಂಡು ಹಾಡು ಕಟ್ಟಿದವರು. 1942ರ ಜೂನ್‌ನಲ್ಲಿ ನಾಜಿಗಳು ಅವರನ್ನು ಅಲ್ಲಿನ ಗೆಟ್ಟೋದಲ್ಲಿ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯಲ್ಲಿ, ಗುಂಡಿಕ್ಕಿ ಕೊಂದರು. ಅವರ ಹಾಡುಗಳನ್ನೂ ಜನ ಜಾನಪದ ಎಂದೇ ಹಾಡುತ್ತಾರೆ. ಅವರ ಹಾಡುಗಳ ಹಕ್ಕಿನ ಅವಧಿ ಈಗ ಮುಗಿದಿದೆ, ಕಾಸು ಕಟ್ಟಬೇಕಿಲ್ಲ. ಹಾಗಂತ ಬೆರ್ಲಿನ್‌ನಲ್ಲಿ ನಿಂತು ಆ ಹೆಸರು ಬಿಟ್ಟು ಹಾಡುವುದು ಸರಿಯಾ? ನನಗೆ ಆಗುವುದಿಲ್ಲ.

ನೀವು ಜಾನಪದ ಎಂದು ತಿಳಿದಿರುವ ಎಷ್ಟೋ ಹಾಡುಗಳು ಹೀಗೇ. ಅಮೆರಿಕದ ಗಾಯಕಿ ಜೋನ್ ಬಯೆಜ್ 1960ರಲ್ಲಿ ಹಾಡಿದ, ಕಟ್ಟಿಹಾಕಿ ಒಯ್ಯುವ ಕರುವಿನ 'ಡೋನಾ ಡೋನಾ' ಇದೆಯಲ್ಲ, ಅದರ ಸಂಗೀತ ಶೋಲೊಮ್ ಸೆಕುಂಡಾ ಅವರದ್ದು, ಮಾತು ಆರನ್ ಜೈಟ್ಲಿನ್ ಅವರದ್ದು. ಇದೇ ಸೆಕುಂಡಾ ತಮ್ಮ ಇನ್ನೊಂದು ಹಾಡಿನ ಹಕ್ಕನ್ನು 1937ರಲ್ಲಿ 30 ಡಾಲರ್‌ಗೆ ಮಾರಿದರು, ಅದರಲ್ಲೂ ಅರ್ಧ ಮಾತು ಬರೆದವರಿಗೆ ಹೋಯಿತು. ಸ್ವಲ್ಪ ದಿನಕ್ಕೇ ಆಂಡ್ರ್ಯೂಸ್ ಸಿಸ್ಟರ್ಸ್ ಎಂಬ ಗಾಯಕಿಯರ ತಂಡದವರು ಅದನ್ನು ಹಾಡಿ ಅಮೆರಿಕದ ತುಂಬಾ ಮೊಳಗಿಸಿದರು. ಹಕ್ಕು ವಾಪಸ್ ಬರಲು 1961 ಆಯಿತು. ಬರೀ ವಾದ್ಯದ ಟ್ಯೂನ್ ಅಂದರೂ ಅಷ್ಟೇ. ಇಂಥ ಟ್ಯೂನ್ ಕಟ್ಟಿದ ಕ್ಲಾರಿನೆಟ್‌ನ ಡೇವ್ ಟಾರಸ್ ತೀರಿಕೊಂಡದ್ದು 1989ರಲ್ಲಿ. ಎಪ್ಪತ್ತು ಕೂಡಿಸಿ ನೋಡಿ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆಲ್ಬಂ ಮೊದಲಾ ರಾಜೀನಾಮೆ ಮೊದಲಾ ಅಂತ ಕೇಳುವ ಹಂತಕ್ಕೆ ನೀವು ಬಂದಿಲ್ಲ. ಟ್ಯೂನ್ ಬೇರೆಯವರದ್ದು ಇಟ್ಟುಕೊಂಡು ಹಾಡು ಬರೆಯುವವನು ಅನ್ನಿಸಿಕೊಳ್ಳುವುದು ಕಷ್ಟ. ನಿಮಗೆ ಫ್ರೈಗಿಷ್ ಗೊತ್ತು, ವಕುಳಾಭರಣ ಕೇಳಿ ಬೆಳೆದಿದ್ದೀರಿ. ಸ್ವಂತ ಟ್ಯೂನ್ ಕಟ್ಟಿ. ಮೊದಲ ಇಪ್ಪತ್ತು ಚೆನ್ನಾಗಿರಲ್ಲ, ಪರವಾಗಿಲ್ಲ. ಬರ್ನರ್ ಬರೆದ ಒಂದು ಹಾಡನ್ನು ವ್ಯಾಂಕೂವರ್‌ನ 'ಬಿ ಗುಡ್ ಟಾನ್ಯಾಸ್' ತಂಡ ತನ್ನ ಮೊದಲ ಆಲ್ಬಂನಲ್ಲಿ ಹಾಡಿತು, ಕೇಳಿದವರು ಇದು ಯಾರದ್ದು ಎಂದು ಹುಡುಕಿಕೊಂಡು ಬರೆದವರ ತನಕ ಹೋದರು. ನಿಮ್ಮ ಹಾಡಿಗೆ ಹಾಗೆ ಆಗಬೇಕು ಅಂದರೆ ಹಾಡು ನಿಮ್ಮದೇ ಆಗಿರಬೇಕು ಅಲ್ವಾ?

ನಿಜವಾಗಿಯೂ ಹಳೆಯದೇ ಬೇಕಾ? ಅದಕ್ಕೂ ದಾರಿ ಇದೆ. ಮೊಯ್ಸೇ ಬೆರೆಗೋವ್ಸ್ಕಿ 1930ರ ದಶಕದಲ್ಲಿ ಉಕ್ರೇನ್‌ನ ಊರೂರು ತಿರುಗಿ ಮೇಣದ ಸಿಲಿಂಡರ್‌ಗಳಲ್ಲಿ ಸಂಗೀತ ಹಿಡಿದಿಟ್ಟವರು. ಕೀವ್‌ನ ಗ್ರಂಥಾಲಯದಲ್ಲಿದ್ದ ಅದಕ್ಕೂ ಹಳೇ ಕೈಬರಹದ ಸ್ವರಲಿಪಿಗಳನ್ನು ಈಚೆಗೆ ಜಗತ್ತಿನಾದ್ಯಂತ ಸ್ವಯಂಸೇವಕರು ಸೇರಿ ಟೈಪ್ ಮಾಡಿದ್ದಾರೆ. ನಾನೂ ಒಂದಿಷ್ಟು ಪುಟ ಮಾಡಿಕೊಟ್ಟೆ, ಅದರಲ್ಲಿ ಕಲಿತಷ್ಟು ಯಾವ ಶಿಬಿರದಲ್ಲೂ ಕಲಿತಿಲ್ಲ.

ಕೆಲಸದ ವಿಷಯ ಚಿಕ್ಕದಾಗಿ. ಪೂರ್ತಿ ಬಿಡಬೇಡಿ, ದಿನ ಕಡಿಮೆ ಮಾಡಿಸಿಕೊಳ್ಳಿ. ನಾನೀಗ ವಾರಕ್ಕೆ ಮೂರು ದಿನ ಆಫೀಸಿಗೆ ಹೋಗುತ್ತೇನೆ, ಎರಡು ದಿನ ಮಕ್ಕಳಿಗೆ ಅಕಾರ್ಡಿಯನ್ ಹೇಳಿಕೊಡುತ್ತೇನೆ, ತಿಂಗಳಿಗೆ ನಾಲ್ಕೈದು ಕಾರ್ಯಕ್ರಮ. ನಿಮ್ಮ ವೀಸಾದಲ್ಲಿ ಸ್ವತಂತ್ರ ದುಡಿಮೆಗೆ ಅವಕಾಶ ಇದೆಯಾ ಎಂದು ಮೊದಲು ನೋಡಿಕೊಳ್ಳಿ. ಮುಂದೆ ಕಲೆಯೇ ಮುಖ್ಯ ದುಡಿಮೆ ಆದರೆ ಕೆ.ಎಸ್.ಕೆ. ಎಂಬ ಕಲಾವಿದರ ವಿಮೆ ವ್ಯವಸ್ಥೆ ಇದೆ, ಆರೋಗ್ಯ ವಿಮೆ ಮತ್ತು ಪಿಂಚಣಿ ವಂತಿಗೆಯಲ್ಲಿ ನಿಮ್ಮ ಪಾಲು ಸುಮಾರು ಅರ್ಧ. ಕಲೆಯಿಂದ ವರ್ಷಕ್ಕೆ 3,900 ಯೂರೋಗಿಂತ ಜಾಸ್ತಿ ಬರಬೇಕು, ಮೊದಲ ಮೂರು ವರ್ಷ ಆ ಷರತ್ತು ಇಲ್ಲ. ಕಾನ್ ಅವರನ್ನೇ ನೋಡಿ, ಬರೀ ಆಲ್ಬಂ ಅಲ್ಲ, ಇಲ್ಲಿನ ಗೋರ್ಕಿ ರಂಗಮಂದಿರದಲ್ಲೂ ಕೆಲಸ ಮಾಡಿದ್ದಾರೆ, ಹಾಡುಗಳ ಅನುವಾದವನ್ನೂ ಮಾಡುತ್ತಾರೆ.

ಇನ್ನೊಂದು, ಕನ್ನಡದಲ್ಲಿ ಬರೆಯಿರಿ. ನಾನು ಇಂಗ್ಲಿಷ್‌ನಲ್ಲಿ ಬರೆದಿದ್ದೆ, ಇಲ್ಲಿನವರಿಗೆ ಅರ್ಥ ಆಗಲಿ ಅಂತ. ಈಗ ಕನ್ನಡದಲ್ಲಿ ಹಾಡುತ್ತೇನೆ, ಮೊದಲು ಎರಡು ಸಾಲು ಅರ್ಥ ಹೇಳಿ. ಯಿಡ್ಡಿಷ್ ಹಾಡು ಕೇಳಿ ಬೆಳೆದವರಿಗೆ ಅರ್ಥ ಆಗದ ಭಾಷೆಯಲ್ಲಿ ಹಾಡು ಕೇಳುವುದು ಹೊಸದಲ್ಲ, ಅವರ ಎಷ್ಟೋ ಮಕ್ಕಳಿಗೆ ಆ ಭಾಷೆ ಈಗ ಬರುವುದಿಲ್ಲ. ಆ ಅಜ್ಜಿ ಈಗಲೂ ಬರುತ್ತಾರೆ, ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಯಾವುದೇ ಹಾಡಿಗೆ ಮೊದಲು ಯಾರದ್ದು ಎಂದು ಹೇಳುವುದು ಮರೆತರೆ ಅಲ್ಲಿಂದಲೇ ಕೈ ಎತ್ತುತ್ತಾರೆ.

ನಿಮ್ಮ ಒಂಬತ್ತು ಟ್ಯೂನ್‌ಗಳ ಹೆಸರು ಕೆಳಗೆ ಬರೆಯಿರಿ, ಹೆಸರು ಗೊತ್ತಿಲ್ಲದಿದ್ದರೆ ಮೊದಲ ಎರಡು ಸಾಲನ್ನು ಸರಿಗಮದಲ್ಲಿ ಬರೆದರೂ ಆಯಿತು. ಕೆಲವು ನನಗೆ ಗೊತ್ತಿರುತ್ತವೆ. ಉಳಿದದ್ದನ್ನು ಅಜ್ಜಿಯನ್ನು ಕೇಳಿ ಹೇಳುತ್ತೇನೆ.