ಹೆಂಡತಿಗೂ ಕೆಲಸವಿದ್ದರೆ ಜೀವನಾಂಶ ಕೊಡಬೇಕಾ?

"ಇಬ್ಬರೂ ಬೆಂಗಳೂರಲ್ಲೇ ದುಡಿಯುತ್ತಿದ್ದೇವೆ. ಡಿವೋರ್ಸ್ ಆದರೆ ಸಂಬಳದ ಕಾಲು ಭಾಗ ಕೊಡಲೇಬೇಕಾ?" ಅಂತ ಕೇಳಿದ್ದೀರಿ.

ಅಂಥ ನಿಯಮ ಯಾವ ಕಾಯ್ದೆಯಲ್ಲೂ ಇಲ್ಲ. 2017ರ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ನಿವ್ವಳ ಸಂಬಳದ ಶೇ 25ರಷ್ಟು ನ್ಯಾಯಯುತ ಎಂದಿತ್ತು. ಜನ ಅದನ್ನೇ ಸೂತ್ರ ಮಾಡಿಕೊಂಡರು. ಹಿಂದೂ ವಿವಾಹ ಕಾಯ್ದೆಯಡಿ ಕೇಸ್ ನಡೆಯುವಾಗ ಸೆಕ್ಷನ್ 24ರಲ್ಲಿ ಮಧ್ಯಂತರ ಜೀವನಾಂಶ, ತೀರ್ಪಿನ ವೇಳೆ ಅಥವಾ ಆಮೇಲೆ ಸೆಕ್ಷನ್ 25ರಲ್ಲಿ ಶಾಶ್ವತ ಜೀವನಾಂಶ. ಗಂಡನೂ ಕೇಳಬಹುದು, ಸಿಗೋದು ಅಪರೂಪ.

ನಿಜವಾದ ಲೆಕ್ಕ ನಡೆಯುವುದು ಅಫಿಡವಿಟ್‌ನಲ್ಲಿ. 2020ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ರಜನೇಶ್–ನೇಹಾ ತೀರ್ಪಿನ ನಂತರ ಇಬ್ಬರೂ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಬರೆದುಕೊಡಬೇಕು. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ, ಅಂದರೆ ಬೆಂಗಳೂರಿನ ಫ್ಯಾಮಿಲಿ ಕೋರ್ಟಿನಲ್ಲಿ ನಿಂತು "ಸಂಬಳವೆಲ್ಲ ಇಎಂಐಗೇ ಹೋಗುತ್ತೆ ಸ್ವಾಮಿ" ಅಂದರೆ ನಡೆಯುವುದು ಕಷ್ಟ. ವೈಟ್‌ಫೀಲ್ಡ್ ಫ್ಲ್ಯಾಟ್ ನಿಮ್ಮ ಹೆಸರಲ್ಲಿದ್ದರೆ ಆ ಕಂತು ನೀವು ಆಸ್ತಿ ಮಾಡಿಕೊಳ್ಳುತ್ತಿರುವ ಹಣವೆಂದೇ ಕೋರ್ಟು ಸಾಮಾನ್ಯವಾಗಿ ನೋಡುತ್ತದೆ. ವಯಸ್ಸಾದ ಅಪ್ಪ-ಅಮ್ಮನ ಔಷಧದ ಖರ್ಚಿಗಾದರೆ ಬೆಲೆಯಿದೆ, ಬಿಲ್ ಇಟ್ಟುಕೊಳ್ಳಿ.

ಹೆಂಡತಿ ದುಡಿಯುತ್ತಾರೆ ಎಂದ ಮಾತ್ರಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ. ಮದುವೆಯಲ್ಲಿದ್ದಾಗಿನ ಜೀವನಮಟ್ಟಕ್ಕೆ ಅವರ ಸಂಬಳ ಸಾಕೇ, ಮಗುವಿಗಾಗಿ ಕೆಲಸ ಬಿಟ್ಟು ಹಿಂದೆ ಬಿದ್ದರೇ ಎಂಬುದು ಮುಖ್ಯ. ಇಬ್ಬರ ಸಂಬಳವೂ ಹೆಚ್ಚುಕಮ್ಮಿ ಒಂದೇ ಆಗಿದ್ದರೆ ಏನೂ ಸಿಗದೆಯೂ ಇರಬಹುದು. ಮಗುವಿನ ಖರ್ಚು ಬೇರೆಯೇ ಲೆಕ್ಕ. ಕೇಸ್ ಎಳೆದರೆ ಉಳಿತಾಯ ಅಂದುಕೊಳ್ಳಬೇಡಿ: ಆದೇಶ ಯಾವಾಗ ಬಂದರೂ ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ.