ಅಡ್ಜೆಕ್ಟಿವ್‌ನಲ್ಲಿ ನಿಜಕ್ಕೂ ಎಷ್ಟು ವಿಧ?

ಇಂಗ್ಲಿಷಿನ ಅಡ್ಜೆಕ್ಟಿವ್, ಅಂದರೆ ನೌನ್ (ನಾಮಪದ) ಬಗ್ಗೆ ವಿವರ ಹೇಳುವ ಪದ, ಒಂದು ಪುಸ್ತಕದಲ್ಲಿ 5 ವಿಧ, ಇನ್ನೊಂದರಲ್ಲಿ 8, ಯಾವುದನ್ನು ನಂಬಬೇಕು ಅಂತ ಕೇಳಿದ್ದೀರಿ. ಎರಡೂ ಸರಿಯೇ. ಒಬ್ಬರು ಒಟ್ಟಿಗೆ ಸೇರಿಸಿದ್ದನ್ನು ಇನ್ನೊಬ್ಬರು ಬಿಡಿಸಿ ಎಣಿಸಿದ್ದಾರೆ, ಅಷ್ಟೇ.

ಹಳೇ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದು ಇವು: ಗುಣ ಹೇಳುವ 'ಟಾಲ್', 'ಹಾನೆಸ್ಟ್', ಪ್ರಮಾಣ ಹೇಳುವ 'ಮಚ್', 'ಸಮ್', ಸಂಖ್ಯೆಯ 'ತ್ರೀ', 'ಮೆನಿ', ಬೆರಳು ತೋರಿಸುವ 'ದಿಸ್', 'ದೋಸ್', ಯಾರದ್ದು ಅಂತ ಹೇಳುವ 'ಮೈ', 'ಯುವರ್', ಪ್ರಶ್ನೆ ಕೇಳುವ 'ವಿಚ್', 'ವಾಟ್'. ಪರೀಕ್ಷೆಗೆ ಓದುತ್ತಿದ್ದರೆ ಇದನ್ನೇ ಬರೆಯಿರಿ, ವಾದ ಬೇಡ. ಆದರೆ ಗುಣ ಹೇಳುವವನ್ನು ಬಿಟ್ಟರೆ ಉಳಿದ ಬಹುಪಾಲನ್ನು ಈಗಿನ ವ್ಯಾಕರಣದವರು ಅಡ್ಜೆಕ್ಟಿವ್ ಅನ್ನುವುದಿಲ್ಲ. ಡಿಟರ್ಮಿನರ್, ಅಂದರೆ ಯಾವುದು, ಯಾರದ್ದು, ಎಷ್ಟು ಅಂತ ಗುರುತಿಸುವ ಪದ, ಅಂತ ಬೇರೆ ಗುಂಪು ಮಾಡಿದ್ದಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. 'ವೆರಿ ಟಾಲ್' ಅನ್ನಬಹುದು, 'ವೆರಿ ದಿಸ್' ಅನ್ನಲು ಆಗುತ್ತದಾ? ಇನ್ನೊಂದು ವಿಷಯ, ಗುಣದ ಪದಗಳನ್ನು ಒಂದರ ಪಕ್ಕ ಒಂದು ಇಡಬಹುದು, ಆದರೆ 'ಮೈ', 'ದಿಸ್' ಎರಡೂ ಒಟ್ಟಿಗೆ ಕೂರುವುದಿಲ್ಲ. ನಾವು 'ನನ್ನ ಈ ಪುಸ್ತಕ' ಅಂತ ಆರಾಮಾಗಿ ಹೇಳುತ್ತೇವಲ್ಲ, ಅದೇ ಅಭ್ಯಾಸದಲ್ಲಿ 'ಮೈ ದಿಸ್ ಬುಕ್' ಅಂದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಅದು 'ದಿಸ್ ಬುಕ್ ಆಫ್ ಮೈನ್' ಆಗಬೇಕು.

ಮಾತಾಡಲು, ಬರೆಯಲು ಕಲಿಯುತ್ತಿದ್ದರೆ ವಿಧದ ಹೆಸರಿಗಿಂತ ಪದ ಎಲ್ಲಿ ಕೂರುತ್ತದೆ ಅನ್ನುವುದನ್ನು ನೋಡಿ. 'ಟಾಲ್' ಥರದವು ನೌನ್‌ಗಿಂತ ಮೊದಲೂ ಬರುತ್ತವೆ, 'ಈಸ್' ಆದಮೇಲೂ ಬರುತ್ತವೆ. ಕೆಲವಕ್ಕೆ ಆ ಸ್ವಾತಂತ್ರ್ಯ ಇಲ್ಲ. 'ದ ಬೇಬಿ ಈಸ್ ಅಸ್ಲೀಪ್' ಸರಿ, 'ಆ್ಯನ್ ಅಸ್ಲೀಪ್ ಬೇಬಿ' ತಪ್ಪು, ಅಲ್ಲಿ 'ಎ ಸ್ಲೀಪಿಂಗ್ ಬೇಬಿ' ಬೇಕು. 'ಅಫ್ರೇಡ್', 'ಅಲೈವ್', 'ಅಲೋನ್' ಕೂಡ ಇದೇ ಜಾತಿ. 'ಮೇನ್' ಇದಕ್ಕೆ ಉಲ್ಟಾ: 'ದ ಮೇನ್ ರೀಸನ್' ಸರಿ, 'ದ ರೀಸನ್ ಈಸ್ ಮೇನ್' ಅಂತ ಯಾರೂ ಹೇಳುವುದಿಲ್ಲ. 'ಸಮ್‌ಥಿಂಗ್' ಜೊತೆಗಾದರೆ ಅಡ್ಜೆಕ್ಟಿವ್ ಅದರ ನಂತರ ಬರುತ್ತದೆ, 'ಸಮ್‌ಥಿಂಗ್ ನ್ಯೂ'.

ಜಾಸ್ತಿ ಮಂದಿ ಎಡವುವುದು 'ಬೋರ್ಡ್', 'ಬೋರಿಂಗ್' ಜೋಡಿಯಲ್ಲಿ. ನಿಮಗೆ ಬೇಜಾರಾಗಿದ್ದರೆ 'ಐ ಆ್ಯಮ್ ಬೋರ್ಡ್'. 'ಐ ಆ್ಯಮ್ ಬೋರಿಂಗ್' ಅಂದರೆ ನಿಮ್ಮಿಂದ ಬೇರೆಯವರಿಗೆ ಬೇಜಾರಾಗುತ್ತದೆ ಅಂತ ನೀವೇ ಒಪ್ಪಿಕೊಂಡ ಹಾಗೆ! ಅನುಭವಿಸುವವರಿಗೆ ಮೊದಲಿನದು, ಆ ಅನುಭವ ಕೊಡುವ ವಸ್ತುವಿಗೋ ವ್ಯಕ್ತಿಗೋ ಎರಡನೆಯದು. 'ಕನ್‌ಫ್ಯೂಸ್ಡ್', 'ಕನ್‌ಫ್ಯೂಸಿಂಗ್' ಕೂಡ ಹಾಗೇ.

ಹೋಲಿಕೆಯ ರೂಪಗಳು, ಅಂದರೆ 'ಗುಡ್', 'ಬೆಟರ್', 'ಬೆಸ್ಟ್', ಬೇರೆ ವಿಧ ಅಲ್ಲ, ಅದೇ ಪದದ ಮೂರು ಮಟ್ಟ. 'ಬೆಟರ್' ಒಳಗೇ 'ಮೋರ್' ಇದೆ, ಹಾಗಾಗಿ 'ಮೋರ್ ಬೆಟರ್' ಬೇಡ. 'ಸೀನಿಯರ್', 'ಜೂನಿಯರ್' ಆದಮೇಲೆ 'ದ್ಯಾನ್' ಬರುವುದಿಲ್ಲ, 'ಟು' ಬರುತ್ತದೆ.

ಒಂದೇ ನೌನ್‌ಗೆ ಮೂರ್ನಾಲ್ಕು ಅಡ್ಜೆಕ್ಟಿವ್ ಬಂದರೆ ಸುಮಾರಾಗಿ ಅಭಿಪ್ರಾಯ, ಗಾತ್ರ, ವಯಸ್ಸು, ಆಕಾರ, ಬಣ್ಣ, ಮೂಲ, ಯಾವುದರಿಂದ ಮಾಡಿದ್ದು, ಈ ಸಾಲಿನಲ್ಲಿ ಇಡಿ. 'ಎ ಲವ್ಲಿ ಓಲ್ಡ್ ವುಡನ್ ಟೇಬಲ್' ಕಿವಿಗೆ ಸರಿ ಕೇಳುತ್ತದೆ, 'ವುಡನ್ ಓಲ್ಡ್ ಲವ್ಲಿ' ಅಂದರೆ ಎಡವಟ್ಟು. ಇದನ್ನು ಸುಮ್ನೆ ಬಾಯಿಪಾಠ ಮಾಡುವ ಬದಲು ಸಿಕ್ಕಿದ್ದನ್ನು ಗಟ್ಟಿಯಾಗಿ ಓದಿ, ಬೇಗ ಬರುತ್ತದೆ.