ನಿಮ್ಮ ಲೇಖನ ಆರನೇ ಪುಟದಲ್ಲಿ ಶುರುವಾಗುತ್ತದೆ

ನಮಸ್ಕಾರ.

ಜಮಖಂಡಿಯಿಂದ ನೀವು ಕಳಿಸಿದ 'ಬಾಸ್ ಗಿಟಾರ್ ನಿರ್ಮಾಣದಲ್ಲಿ ನಟ್ ಮತ್ತು ಫಿನಿಶ್‌ಗಳ ಆಯ್ಕೆ' ಲೇಖನ ತಲುಪಿತು. ಹನ್ನೊಂದು ಪುಟ. ಜೊತೆಗೆ ಕಾಗದದಲ್ಲಿ ಸುತ್ತಿದ ಎಲುಬಿನ ತುಂಡೂ ಬಂತು, ನೀವು ಮೊದಲ ಸಲ ಮಾಡಿ ಕೆಡಿಸಿದ ನಟ್ ಅಂತೆ. ಎರಡನ್ನೂ ನಾಲ್ಕು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಲೇಖನವನ್ನು ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ 'ವಿಷಾದಿಸುತ್ತೇವೆ' ಅಂತ ಎರಡು ಸಾಲು ಗೀಚಿ ಕಳಿಸಲು ಮನಸ್ಸು ಬರಲಿಲ್ಲ. ಇದರೊಳಗೆ ಒಂದು ಒಳ್ಳೆ ಲೇಖನ ಇದೆ. ಅದು ಆರನೇ ಪುಟದ ಕೊನೆಗೆ, ಕಂಸದೊಳಗೆ ಮುದುಡಿ ಕೂತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ 'ನಟ್' ಶಬ್ದ. ನಮ್ಮ ಓದುಗರಲ್ಲಿ ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗಳಿಗೆ ಹೋಗುವವರು ಬಹಳ ಜನ. ನಟ್ ಅಂದ ಕೂಡಲೇ ಅವರಿಗೆ ನೆನಪಾಗುವುದು ಬೋಲ್ಟ್. ನೀವು ಮೂರನೇ ಪುಟದವರೆಗೂ ವಿವರಿಸುವುದಿಲ್ಲ, ಅಲ್ಲಿಯವರೆಗೆ ಅವರು ಸ್ಪ್ಯಾನರ್ ಹುಡುಕುತ್ತಾ ಇರಬೇಕು. ಒಂದು ಸಾಲು ಸಾಕಿತ್ತು: ಬಿರಡೆಗಳು ಇರುವ ತಲೆಗೂ ಫ್ರೆಟ್ (ಸ್ವರದ ಜಾಗ ಗುರುತಿಸುವ ಅಡ್ಡ ಲೋಹದ ಪಟ್ಟಿ) ಹಾಕಿದ ಕತ್ತಿನ ಹಲಗೆಗೂ ನಡುವೆ ಕೂರುವ, ತಂತಿಗೊಂದರಂತೆ ನಾಲ್ಕು ಗೀರು ಇರುವ, ನಾಲ್ಕು ಸೆಂಟಿಮೀಟರು ಉದ್ದದ ತುಂಡು.

ಬದಲಿಗೆ ನೀವು ಮೊದಲ ಎರಡು ಪುಟ ಇತಿಹಾಸಕ್ಕೆ ಕೊಟ್ಟಿದ್ದೀರಿ. 1951ರಲ್ಲಿ ಫೆಂಡರ್ ಕಂಪನಿ ಪ್ರಿಸಿಷನ್ ಬಾಸ್ ತಂದದ್ದು ನಿಜ. ಅದನ್ನು ಇಲ್ಲಿ ಯಾಕೆ ಹೇಳುತ್ತಿದ್ದೀರಿ ಅನ್ನುವುದು ಮಾತ್ರ ನಿಮಗೇ ಗೊತ್ತಿದ್ದಂತಿಲ್ಲ. ನಿಂತು ಬಾರಿಸುವ ದೊಡ್ಡ ಡಬಲ್ ಬಾಸ್‌ಗೆ ಫ್ರೆಟ್ ಇಲ್ಲ, ಸ್ವರವೆಲ್ಲ ಬೆರಳಿನ ಅಂದಾಜು. ಪ್ರಿಸಿಷನ್ ಬಾಸ್‌ಗೆ ಫ್ರೆಟ್ ಇತ್ತು, ಸ್ವರ ಕರಾರುವಾಕ್ಕಾಗಿ ಬರುತ್ತಿತ್ತು. ಪ್ರಿಸಿಷನ್ ಅಂದರೆ ಕರಾರುವಾಕ್ಕು, ಅದಕ್ಕೇ ಆ ಹೆಸರು. ಈಗ ಯೋಚನೆ ಮಾಡಿ. ಫ್ರೆಟ್ ಬಳಿ ತಂತಿ ಒತ್ತಿದಿರಿ ಅಂದರೆ ತಂತಿಯ ತುದಿ ಆ ಫ್ರೆಟ್ಟೇ. ನಟ್‌ನ ಪಾತ್ರ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಅದು ಎಲುಬಿನದೋ ಹಿತ್ತಾಳೆಯದೋ ಅನ್ನುವುದು ಕಿವಿಗೆ ಬೀಳುವುದು ಬೆರಳು ಒತ್ತದ ಖಾಲಿ ತಂತಿಯಲ್ಲಿ. ಇಷ್ಟು ದೊಡ್ಡ ಮಾತು ಹನ್ನೊಂದು ಪುಟದಲ್ಲಿ ಎಲ್ಲೂ ಇಲ್ಲ. ಇದ್ದಿದ್ದರೆ 'ಇಡೀ ವಾದ್ಯದ ಧ್ವನಿಯನ್ನೇ ಬದಲಿಸುವ ನಟ್' ಎಂಬ ಉಪಶೀರ್ಷಿಕೆಯನ್ನು ನೀವೇ ಹೊಡೆದುಹಾಕುತ್ತಿದ್ದಿರಿ.

ಆಮೇಲೆ ಆ ಪಟ್ಟಿ. ಎಲುಬು: ಬೆಚ್ಚಗಿನ ಧ್ವನಿ. ಹಿತ್ತಾಳೆ: ಪ್ರಕಾಶಮಾನ ಧ್ವನಿ. ಟಸ್ಕ್ (ದಂತದ ಬದಲಿಗೆ ಬಳಸುವ ಕೃತಕ ವಸ್ತು): ಸಮತೋಲಿತ ಧ್ವನಿ. ಹೀಗೆ ಒಂಬತ್ತು ವಸ್ತು, ಒಂಬತ್ತು ವಿಶೇಷಣ. ನಿಜ ಹೇಳಿ, ಈ ಒಂಬತ್ತರಲ್ಲಿ ನೀವು ಕೈಯಲ್ಲಿ ಹಿಡಿದದ್ದು ಎಷ್ಟು? ಎರಡೋ ಮೂರೋ ಇರಬೇಕು. ಮತ್ತೆ, ನಮ್ಮ ಕಡೆ ಬೆಚ್ಚಗಿರುವುದು ಕೌದಿ. ದನಿ ಬೆಚ್ಚಗಿರುತ್ತದೆ ಅಂತ ಜಮಖಂಡಿಯಲ್ಲಿ ಯಾರೂ ಮಾತಾಡುವುದಿಲ್ಲ. ನೀವು ಕಳಿಸಿದ ತುಂಡನ್ನು ಕಿಟಕಿಯ ಶಹಾಬಾದ ಕಲ್ಲಿನ ಮೇಲೆ ಒಂದು ಗೇಣು ಎತ್ತರದಿಂದ ಬಿಟ್ಟೆ. 'ಟಿಣ್' ಅಂತು. ಪೆನ್ನಿನ ಪ್ಲಾಸ್ಟಿಕ್ ಮುಚ್ಚಳ ಬಿಟ್ಟೆ. 'ತಪ್' ಅಂತು. ಓದುಗನಿಗೆ ಇಷ್ಟು ಕೇಳಿಸಿದರೆ ವಿಶೇಷಣ ಯಾಕೆ ಬೇಕು?

ತಪ್ಪುಗಳನ್ನು ಬೇಗ ಹೇಳಿಬಿಡುತ್ತೇನೆ. ತಂತಿಯ ಉದ್ದ 34 ಸೆಂಟಿಮೀಟರು ಅಂತ ಬರೆದಿದ್ದೀರಿ. ಅದು 34 ಇಂಚು, 86 ಸೆಂಟಿಮೀಟರಿಗಿಂತ ಜಾಸ್ತಿ. ನಿಮ್ಮ ಲೆಕ್ಕದಲ್ಲಿ ಮಾಡಿದರೆ ಗೋಕಾಕದ ಆಟಿಗೆ ಅಂಗಡಿಯಲ್ಲಿ ಇಡಬಹುದು. 'ನಿಕಲ್ ಸಿಲ್ವರ್' ಫ್ರೆಟ್‌ನಲ್ಲಿ ಬೆಳ್ಳಿ ಇಲ್ಲ. ತಾಮ್ರ, ನಿಕಲ್, ಸತು ಅಷ್ಟೇ. ಆನೆದಂತವನ್ನು 'ಉತ್ತಮ ಆಯ್ಕೆ' ಅಂದಿರುವುದಂತೂ ಅಚ್ಚಾಗುವ ಮಾತೇ ಅಲ್ಲ. ಹಳೇ ವಾದ್ಯಗಳಲ್ಲಿ ಇತ್ತು, ಸರಿ. ಇವತ್ತು ಅದರ ವ್ಯಾಪಾರ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಈಗ ಆರನೇ ಪುಟ. ನೀವು ಬರೆದದ್ದು ಇಷ್ಟು: "(ಮೊದಲ ಸಲ ನಾಲ್ಕನೇ ತಂತಿಯ ಗೀರು ತಪ್ಪಾಯಿತು. ಝುಂಯ್ ಅನ್ನತೊಡಗಿತು. ದೊಡ್ಡಪ್ಪ ಒಳಗಿನಿಂದಲೇ 'ಏನೋ ತಮ್ಮಾ, ತಂಬೂರಿ ಮಾಡೀಯೇನು?' ಅಂದರು. ಆಮೇಲೆ ಸರಿ ಮಾಡಿದೆ.)"

ಇದನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ನಾನು ಗಿಟಾರಿನವನಲ್ಲ. ಸಿತಾರ್ ಕಲಿಯಲು ಹೋಗಿ ಮೂರು ವರ್ಷ ಬೆರಳು ಕೊಯ್ದುಕೊಂಡವನು. ಅಷ್ಟರಿಂದಲೇ ಗೊತ್ತು, ನಿಮ್ಮ ದೊಡ್ಡಪ್ಪ ತಮಾಷೆ ಮಾಡಲಿಲ್ಲ, ಕಾರಣವನ್ನೇ ಹೇಳಿದರು. ಭಜನಾ ಮೇಳದಲ್ಲಿ ಕೂತು ಪಳಗಿದ ಕಿವಿ ಅದು. ತಂಬೂರಿಯ ಕುದುರೆ, ಅಂದರೆ ತಂತಿಗಳು ಹಾದುಹೋಗುವ ಆಸರೆ, ಅಗಲವಾಗಿ, ನವಿರಾಗಿ ಬಾಗಿರುತ್ತದೆ. ತಂತಿ ಅದರ ಮೈಗೆ ತಾಕುತ್ತಾ ಬಿಡುತ್ತಾ ಅದುರುತ್ತದೆ. ಕೆಳಗೊಂದು ದಾರ ಸೇರಿಸಿ, ಆಚೆ ಈಚೆ ಸರಿಸಿ ಅದನ್ನು ಹದಕ್ಕೆ ತರುತ್ತಾರೆ. ಆ ಝೇಂಕಾರವೇ ಜವಾರಿ. (ನಮ್ಮ ಜವಾರಿ ಬದನೆಕಾಯಿಗೂ ಇದಕ್ಕೂ ನಂಟಿಲ್ಲ. ಆದರೂ ಆ ಶಬ್ದ ಕೇಳಿದಾಗಲೆಲ್ಲ ನನಗೆ ಎಣಗಾಯಿ ನೆನಪಾಗುತ್ತದೆ.) ನೀವು ಅದೇ ಜವಾರಿಯನ್ನು ಬೇಡದ ಕಡೆ ತಂದಿರಿ.

ನಿಮ್ಮ ತುಂಡನ್ನು ಇಲ್ಲಿ ಗಿಟಾರ್ ರಿಪೇರಿ ಮಾಡುವ ಒಬ್ಬರಿಗೆ ತೋರಿಸಿದೆ. ಅವರು ಬೆಳಕಿಗೆ ಹಿಡಿದು ಒಂದೇ ನೋಟಕ್ಕೆ ಹೇಳಿದರು. ಗೀರಿನ ತಳ ಬಿರಡೆಯ ಕಡೆಗೆ ಇಳಿಜಾರಾಗಿರಬೇಕು. ತಂತಿಗೆ ಆಸರೆ ಫ್ರೆಟ್ ಕಡೆಯ ಅಂಚಿನಲ್ಲಿ ಸಿಗಬೇಕು. ನಿಮ್ಮದರಲ್ಲಿ ಉಲ್ಟಾ, ಹಿಂದೆ ಎತ್ತರ, ಮುಂದೆ ತಗ್ಗು. ತಂತಿ ಹಿಂದೆ ಕೂತು ಗೀರಿನ ತಳಕ್ಕೆ ತಾಕುತ್ತಾ ಗುಂಯ್‌ಗುಡುತ್ತದೆ. ಎಲುಬಿನ ಬದಲು ಹಿತ್ತಾಳೆ ಹಾಕಿದ್ದರೂ ಹೀಗೇ ಆಗುತ್ತಿತ್ತು. ನೀವು ಆರು ಪುಟ 'ಯಾವ ವಸ್ತು' ಅಂತ ಕೇಳಿದಿರಿ. ನಿಮ್ಮ ಕೈಗೆ ಸಿಕ್ಕ ಉತ್ತರ 'ಗೀರು ಹೇಗೆ ಕೊರೆದೆ' ಅನ್ನುವುದು. ಲೇಖನ ಅದರ ಮೇಲೆ ನಿಲ್ಲಬೇಕು.

ಇನ್ನೊಂದು. ಮೂರನೇ ತಂತಿಯ ಗೀರಿನಲ್ಲಿ ಉಗುರಿಗೆ ಗರಗರ ತಾಕುವ ಬಿಳಿ ಪದರ ಇದೆ. ಗೀರು ಆಳವಾಯಿತು, ಫೆವಿಕ್ವಿಕ್ ಬಿಟ್ಟು ಮೇಲೆ ಅಡುಗೆ ಸೋಡಾ ಉದುರಿಸಿದಿರಿ, ಅಲ್ವಾ? ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ. ನಾಚಿಕೆ ಯಾಕೆ? ರಿಪೇರಿಯವರೂ ಅದನ್ನೇ ಮಾಡುತ್ತಾರೆ. ಸೋಡಾ ಬಿದ್ದ ಕ್ಷಣ ಅಂಟು ಬಿಸಿಯಾಗಿ ಕಲ್ಲಾಗುತ್ತದೆ, ಕಣ್ಣುರಿಯುವ ಹೊಗೆ ಬರುತ್ತದೆ. ಆಮೇಲೆ ಮತ್ತೆ ಅರ ಹಿಡಿದು (ನಿಮ್ಮ ಅಪ್ಪ ಕಾನಸ ಅನ್ನುತ್ತಿರಬೇಕು, ಹಾಗೇ ಬರೆಯಿರಿ) ಗೀರು ತೆಗೆಯಬೇಕು. ಎಲುಬು ಉಜ್ಜುವಾಗ ಸುಟ್ಟ ಕೂದಲಿನ ವಾಸನೆ ಬಂದಿರುತ್ತದೆ. ಮನೆಯಲ್ಲಿ ಯಾರಾದರೂ ಬೈದಿರುತ್ತಾರೆ. ಅದು ಎಲ್ಲಿ ಹೋಯಿತು? ಆ ಧೂಳು ಮೂಗಿಗೆ ಹೋಗಬಾರದು ಅನ್ನುವುದನ್ನೂ ಅಲ್ಲೇ ಹೇಳಿ.

'ಸೂಕ್ತ ಆಳ', 'ಸೂಕ್ತ ಅಗಲ' ಅಂತ ಬರೆದರೆ ಓದುಗನಿಗೆ ಏನೂ ಸಿಗುವುದಿಲ್ಲ. ಲೆಕ್ಕ ಕೊಡಿ. ಸಾಮಾನ್ಯ ಬಾಸ್ ತಂತಿಗಳ ಸೆಟ್‌ನಲ್ಲಿ ದಪ್ಪ ತಂತಿ 0.105 ಇಂಚು, ಅಂದರೆ ಸುಮಾರು 2.7 ಮಿಲಿಮೀಟರು. ತೆಳುವಾದದ್ದು 0.045, ಸುಮಾರು 1.1. ಗೀರು ಅದಕ್ಕಿಂತ ಕೂದಲೆಳೆ ಅಗಲ ಇರಬೇಕು, ಬಿಗಿಯಾದರೆ ಶ್ರುತಿ ಮಾಡುವಾಗ ತಂತಿ ಸಿಕ್ಕಿಕೊಂಡು ಟಕ್ ಅಂತ ಹಾರುತ್ತದೆ. ಆಳಕ್ಕೆ ರಿಪೇರಿಯವರ ಪರೀಕ್ಷೆ: ಮೂರನೇ ಫ್ರೆಟ್‌ನಲ್ಲಿ ತಂತಿ ಒತ್ತಿ, ಒಂದನೇ ಫ್ರೆಟ್ ಮೇಲೆ ಸಂದು ನೋಡಿ. ತೆಳು ಕಾಗದದಷ್ಟು ಉಳಿದಿದ್ದರೆ ಅರ ಕೆಳಗಿಡಿ. ಏನೂ ಉಳಿದಿಲ್ಲ ಅಂದರೆ ಸೋಡಾ ಡಬ್ಬಿ ತನ್ನಿ.

ಫಿನಿಶ್‌ನ, ಅಂದರೆ ಮರಕ್ಕೆ ಬಳಿಯುವ ಎಣ್ಣೆ, ಪಾಲಿಶ್‌ಗಳ ನಾಲ್ಕು ಪುಟ ತೆಗೆದುಬಿಡಿ. ಅದು ಇನ್ನೊಂದು ಲೇಖನ. ಬರೆಯುವಾಗ ನೆನಪಿರಲಿ, ನೀವು 'ಲಿನ್‌ಸೀಡ್ ಆಯಿಲ್' ಅಂತ ಎಂಟು ಸಲ ಬರೆದದ್ದು ನಮ್ಮ ಅಗಸೆ ಎಣ್ಣೆ. ರೊಟ್ಟಿ ಜೊತೆ ದಿನಾ ತಿನ್ನುವ ಅಗಸಿ ಚಟ್ನಿಯ ಅಗಸೆ. ಗಿಟಾರಿನ ಕತ್ತಿನ ಮರಕ್ಕೆ ಆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಕಾವು ಏರಿ ಹೊತ್ತಿಕೊಳ್ಳಬಹುದು. ಬಿಚ್ಚಿ ಹರವಿ ಒಣಗಿಸಬೇಕು. ಬಡಿಗೇರ ಮನೆಯಲ್ಲಿ ಇದ್ದು ಈ ಮಾತು ಬಿಟ್ಟಿದ್ದೀರಿ! ಸ್ಪಿರಿಟ್ ಪಾಲಿಶ್ ಬಗ್ಗೆ ಬರೀ ಹೊಗಳಿಕೆ ಇದೆ. ನನ್ನ ಮೇಜಿಗೂ ಅದೇ ಪಾಲಿಶ್. ಬಿಸಿ ಚಹಾದ ಕಪ್ ಇಟ್ಟು ಆದ ಬಿಳಿ ಉಂಗುರಗಳು ಐದು ಇವೆ. ಬೆವರುವ ಅಂಗೈ ಕೆಳಗೆ ಅದು ಎಷ್ಟು ದಿನ ತಡೆದೀತು ಅಂತ ನೀವೇ ಅಂದಾಜು ಮಾಡಿ. ಇನ್ನು ಲ್ಯಾಕರ್. ಬೆಳಗಾವಿಯ ಮಳೆಗಾಲದಲ್ಲಿ ಸ್ಪ್ರೇ ಮಾಡಿದರೆ ತೇವ ಒಳಗೆ ಸಿಕ್ಕಿ ಹಾಲಿನ ಹಾಗೆ ಮಬ್ಬಾಗುತ್ತದೆ. ಅದೇ ಕೆಲಸ ವಿಜಯಪುರದ ಬೇಸಿಗೆಯಲ್ಲಿ ಬೇರೆ. ಈ ವ್ಯತ್ಯಾಸ ಬರೆಯಲು ನಿಮಗಿಂತ ಒಳ್ಳೆ ಜಾಗದಲ್ಲಿ ಕೂತವರು ಯಾರು?

ಮೀರಜ್ ನಿಮಗೆ ದೂರವಲ್ಲ. ತಂಬೂರಿ, ಸಿತಾರ್ ಮಾಡುವವರ ಊರು. ಮತ್ತೆ ಬರೆಯುವ ಮೊದಲು ಒಂದು ದಿನ ಹೋಗಿ, ಕುದುರೆ ಉಜ್ಜಿ ಜವಾರಿ ಹಿಡಿಯುವುದನ್ನು ನೋಡಿ ಬನ್ನಿ. ಕೈಯ ಕೋನ ನೋಡಿ. ಎಲುಬೋ ಕೊಂಬೋ ಪ್ಲಾಸ್ಟಿಕ್ಕೋ ಅಂತ ಅವರನ್ನೂ ಕೇಳಿ. ದೊಡ್ಡಪ್ಪನವರನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ನಿಮಗೆ ಕೇಳಿಸದ್ದು ಅವರಿಗೆ ಕೇಳಿಸುತ್ತದೆ.

ಐದು ಪುಟ ಮೀರದಂತೆ ಬರೆದು ಕಳಿಸಿ. ದೊಡ್ಡಪ್ಪನವರ ಮಾತು ಮೊದಲ ಸಾಲಿನಲ್ಲೇ ಬರಲಿ, ಹಾಕಬಹುದಾ ಅಂತ ಅವರನ್ನು ಒಮ್ಮೆ ಕೇಳಿಬಿಡಿ. ಕೆಟ್ಟ ನಟ್ ನನ್ನ ಬಳಿಯೇ ಇರಲಿ, ಫೋಟೊ ತೆಗೆಸಬೇಕು. ಸರಿಯಾದದ್ದರ ಫೋಟೊ ನೀವು ಕಳಿಸಿ, ಪಕ್ಕದಿಂದ ತೆಗೆದದ್ದು, ಇಳಿಜಾರು ಕಾಣುವ ಹಾಗೆ.